ನೇರಳೆ ಹಿಡಿಕೆ

ಬಾ ಕಿಂಗಾ, ಮೊದಲು ಕೈಗವಸು. ಇದಲ್ಲ, ದಪ್ಪನೆಯದು.
ಪಾತ್ರೆ ತೊಳೆಯುವ ಕೆಲಸ ಎಂದುಕೊಂಡೇ
ನಾನೂ ಬಂದಿದ್ದೆ, ಇಪ್ಪತ್ತಾರು ವರ್ಷದ ಕೆಳಗೆ,
ಶೊಪ್ರೊನ್‌ನ ಈ ಓಣಿಗೆ.
ಮನೆಮನೆಯ ಬಾಗಿಲಿಗೂ ಒಂದೊಂದು ಹಲ್ಲಿನ ಬೋರ್ಡು.
ಗಡಿ ದಾಟಿ ವಿಯೆನ್ನಾದವರು ಬರುತ್ತಾರೆ,
ಅಲ್ಲಿಯ ಅರ್ಧ ದುಡ್ಡಿಗೆ ಇಲ್ಲಿ ಬಾಯಿ ತೆರೆಯುತ್ತಾರೆ,
ಸಂಜೆ ಅರ್ಧ ತುಟಿಯಲ್ಲಿ ನಕ್ಕು ಹೋಗುತ್ತಾರೆ.
ಅವರ ಬೇರು ಮಾತ್ರ ನಮ್ಮಲ್ಲಿ ಉಳಿಯುತ್ತದೆ,
ಈ ಸೂಜಿಗಳ ಸುರುಳಿಯಲ್ಲಿ, ಕಣ್ಣಿಗೆ ಕಾಣದಷ್ಟು.

ಒಣಗಲು ಬಿಡಬೇಡ.
ಒಣಗಿದ ರಕ್ತ ಹಳೆಯ ಜಗಳದ ಹಾಗೆ,
ಆಮೇಲೆ ಎಷ್ಟು ನೆನೆಹಾಕಿದರೂ ಬಿಡುವುದಿಲ್ಲ.
ಮೊದಲು ಈ ದ್ರಾವಣ, ಆಮೇಲೆ ಆ ತೊಟ್ಟಿ.
ಗುಂಯ್ ಎನ್ನುತ್ತದೆ; ಕೈ ಹಾಕಬೇಡ,
ನೀರೇ ನಡುಗಿ ನೀರೇ ಉಜ್ಜುತ್ತದೆ.
ಹಿಂದೆ ನಾವು ಬ್ರಷ್ಷಿನಲ್ಲಿ ತಿಕ್ಕುತ್ತಿದ್ದೆವು,
ನನ್ನ ಹೆಬ್ಬೆರಳಿನಲ್ಲಿ ಇನ್ನೂ ಎರಡು ಚುಕ್ಕೆಗಳಿವೆ.
ಆರು ತಿಂಗಳು ರಕ್ತಪರೀಕ್ಷೆ, ಆ ಆರು ತಿಂಗಳೂ
ಗಂಡನ ಲೋಟಕ್ಕೆ ತುಟಿ ತಾಗಿಸಲಿಲ್ಲ.
ಹೆದರಿಕೆಗೆ ಡಾಕ್ಟರರ ಮಾತು ಕೇಳಿಸುವುದಿಲ್ಲ.

ಬಣ್ಣ ಬಾಯಿಪಾಠ ಮಾಡು:
ಬಿಳಿ ಹದಿನೈದು, ಹಳದಿ ಇಪ್ಪತ್ತು, ಕೆಂಪು ಇಪ್ಪತ್ತೈದು,
ನೀಲಿ, ಹಸಿರು, ಕಪ್ಪು, ಬರಬರುತ್ತ ದಪ್ಪ.
ಇವರೆಲ್ಲರಿಗಿಂತ ಮೊದಲು ಇಳಿಯುವುದು ಈ ನೇರಳೆ, ಹತ್ತನೆಯದು,
ಕೂದಲಿನಷ್ಟು ಮೂತಿ,
ದಾರಿ ಇದೆಯೋ ಇಲ್ಲವೋ ಎಂದು ಕೇಳಿ ಬರುವವಳು.
ಇಬೊಯಾ ಅಂದರೂ ಅದೇ, ನೇರಳೆ ಹೂವು;
ನನ್ನ ಹೆಸರು ಕೇಳಿ ಡಾಕ್ಟರ್ ಕೆಲೆಮೆನ್ ಮೊದಲ ದಿನವೇ ನಕ್ಕಿದ್ದರು.

ಈಗ ಭೂತಗನ್ನಡಿ.
ಸುರುಳಿ ಸುರುಳಿ ನೋಡು, ಸಮನಾಗಿರಬೇಕು.
ಎಲ್ಲಾದರೂ ಹುರಿ ಬಿಚ್ಚಿದಂತೆ, ಹೊಳೆಯುವ ಒಂದು ಚುಕ್ಕೆ ಕಂಡರೆ
ಯಾರನ್ನೂ ಕೇಳಬೇಡ, ಎಸೆ, ಆ ಹಳದಿ ಡಬ್ಬಿಗೆ.
ಬೆಲೆ ನೋಡಬೇಡ. ಗಡಿಯಾರವಂತೂ ನೋಡಲೇಬೇಡ.

ನಾನು ನೋಡಿದ್ದೆ.
ಶುಕ್ರವಾರ, ನವೆಂಬರು, ಸರೋವರದ ಮಂಜು ಊರೊಳಗೆ ಬಂದಿತ್ತು,
ಫೆರ್ಟೋರಾಕೋಶಿಗೆ ಐದೂ ಹತ್ತರ ಬಸ್ಸು.
ಒಂದು ನೇರಳೆ ಮಿಂಚಿತು. ದೀಪದ್ದಿರಬೇಕು ಅಂದುಕೊಂಡೆ.
ಅಂದುಕೊಳ್ಳುವುದು ಎಷ್ಟು ಸುಲಭ ಗೊತ್ತಾ,
ಬಸ್ಸು ಹಿಡಿಯುವವರಿಗೆ.

ಮಂಗಳವಾರ ಅದು ಮುರಿಯಿತು,
ಗಡಿಯಾಚೆಯ ಅಂಚೆಯವನೊಬ್ಬನ ಕೆಳದವಡೆಯಲ್ಲಿ.
ಸದ್ದೇ ಇಲ್ಲ. ಡಾಕ್ಟರರ ಕೈ ನಿಂತಿತು, ಅಷ್ಟೇ.
ಎಕ್ಸ್‌ರೇಯಲ್ಲಿ ಎರಡು ಮಿಲಿಮೀಟರ್ ಬಿಳಿ ಗೆರೆ,
ಬೇರಿನ ತಿರುವಿನಾಚೆ, ಯಾವ ಚಿಮುಟಕ್ಕೂ ಸಿಗದಂತೆ.
ಅವರು ಚಿತ್ರ ತೋರಿಸಿ ಎಲ್ಲ ಹೇಳಿದರು, ಒಂದನ್ನು ಬಿಟ್ಟು.
ಆ ಒಂದು ಅವರಿಗೂ ಗೊತ್ತಿರಲಿಲ್ಲ.
‘ಶುದ್ಧವಾದ ಚೂರು, ಸುಮ್ಮನೆ ಮಲಗಿರುತ್ತದೆ’ ಎಂದರು.
‘ಗಡಿಯಲ್ಲಿ ತೋರಿಸಬೇಕಾ?’ ಎಂದು ಕೇಳಿದ ಅಂಚೆಯವನು,
ಮರಗಟ್ಟಿದ ನಾಲಿಗೆಯಲ್ಲಿ.

ಶುದ್ಧ. ಆ ಶಬ್ದ ನನ್ನದು.
ಅಂದು ಕಣ್ಣು ತಪ್ಪಿತ್ತು, ಕೈ ತಪ್ಪಿರಲಿಲ್ಲ:
ತೊಳೆದಿದ್ದೆ, ನೂರ ಮೂವತ್ತನಾಲ್ಕು ಡಿಗ್ರಿ ಕೊಟ್ಟಿದ್ದೆ.
ಈಗಲೂ ವರ್ಷಕ್ಕೊಮ್ಮೆ ಬರುತ್ತಾನೆ,
ಹಲ್ಲಿನ ಸಂದಿಯಲ್ಲಿ ಗಸಗಸೆ, ಆ ಹಲ್ಲು ಗಟ್ಟಿ.
ಅವನ ಕೋಟು ನಾನೇ ತೂಗುಹಾಕುತ್ತೇನೆ.
ಹೇಳಿಲ್ಲ.

ಸರಿ, ಚೀಲ. ಒಂದು ಕಡೆ ಕಾಗದ, ಒಂದು ಕಡೆ ಪ್ಲಾಸ್ಟಿಕ್.
ಈ ಗುಲಾಬಿ ಗೆರೆ ಬೆಂದ ಮೇಲೆ ಕಂದು.
ಬಣ್ಣ ಬಂತೆಂದು ನಂಬಿ ಕೂರಬೇಡ,
ಒಲೆಯೊಳಗೆ ಹೋಗಿ ಬಂದೆ ಅಂತಷ್ಟೇ ಅದು ಹೇಳುವುದು.
ಬಾಗಿಲು ತೆಗೆಯಲು ಅವಸರ ಬೇಡ.
ಈ ಕೋಣೆಯಲ್ಲಿ ಒದ್ದೆ ಮಡಿ ನಡೆಯದು, ಒದ್ದೆಯೇ ಮೈಲಿಗೆ;
ಒಂದು ಹನಿ ಕಂಡರೂ ಎಲ್ಲ ಮೊದಲಿನಿಂದ.
ತಾರೀಖು ಪ್ಲಾಸ್ಟಿಕ್ಕಿನ ಕಡೆ ಬರೆ, ಕಾಗದ ಶಾಯಿ ಕುಡಿಯುತ್ತದೆ.
ಹಳೆಯದು ಮುಂದೆ, ಹೊಸದು ಹಿಂದೆ,
ಮೇಲೆ ಭಾರ ಹೇರಬೇಡ, ರಬ್ಬರ್ ಬ್ಯಾಂಡ್ ಬೇಡ,
ಸಿಂಕಿನ ಕೆಳಗಿನ ಖಾನೆಯಂತೂ ಬೇಡವೇ ಬೇಡ.
ಹರಿದಿದ್ದರೆ ತಾರೀಖು ಏನೇ ಹೇಳಲಿ, ಕೇಳಬೇಡ.

ಐದಾಯಿತು. ಕೀಲಿಕೈ ನಾಳೆಯಿಂದ ನಿನ್ನ ಬಳಿ.
ಹೋಗುವ ಮುಂಚೆ ಆ ನೇರಳೆಯನ್ನು ಇನ್ನೊಮ್ಮೆ ದೀಪಕ್ಕೆ ಹಿಡಿ.
ಇಲ್ಲ, ನಿಧಾನ, ತಿರುಗಿಸು.
ಬಸ್ಸು ಹೋದರೆ ಹೋಗಲಿ. ಆರೂ ಕಾಲಿಗೆ ಇನ್ನೊಂದಿದೆ.
ಆಗಲೂ ಇತ್ತು.